ಅಂಕಿಗಳು ಅಕ್ಷರಗಳಾದಾಗ: ಅರಬ್ಬೀ ಭಾಷೆ ಅಂತರಜಾಲಕ್ಕೆ ಬಂದ ಬಗೆ

ಮೊಬೈಲಿನಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆದು ಕಳುಹಿಸಿದ ಅನುಭವ ನಿಮಗಿರಬಹುದು. 'ತ' ಮತ್ತು 'ಟ' ಎರಡಕ್ಕೂ ಒಂದೇ ಅಕ್ಷರ, ಓದುವವರು ಊಹಿಸಿಕೊಳ್ಳಬೇಕು. ಇದೇ ತೊಡಕು ಎದುರಾದಾಗ ಅರಬ್ಬೀ ಭಾಷಿಕರು ಬೇರೊಂದು ಉಪಾಯ ಹೂಡಿದರು. ರೋಮನ್ ಲಿಪಿಯಲ್ಲಿ ಸಿಗದ ಧ್ವನಿಗಳಿಗೆ ಅಂಕಿಗಳನ್ನು ಹಿಡಿದು ತಂದರು. ಗಂಟಲಿನಾಳದಿಂದ ಹೊರಡುವ 'ಐನ್' ಎಂಬ ಅಕ್ಷರ, 3ನ್ನು ಕನ್ನಡಿಯಲ್ಲಿ ನೋಡಿದಂತೆ ಕಾಣುತ್ತದೆ. ಆದ್ದರಿಂದ ಅದಕ್ಕೆ 3. ಬಿಗಿಯಾದ 'ಹ'ಕಾರಕ್ಕೆ 7. 'ಅರಬ್ಬೀ' ಎಂಬ ಪದವೇ ಐನ್ ಅಕ್ಷರದಿಂದ ಶುರುವಾಗುವುದರಿಂದ, ಭಾಷೆಯ ಹೆಸರೇ 3ರಿಂದ ಆರಂಭವಾಗುವಂತಾಯಿತು! ಈ ಬರವಣಿಗೆಗೆ 'ಅರಬೀಝಿ' ಎಂಬ ಹೆಸರೂ ಬಿತ್ತು.

ಇದು ಹುಡುಗಾಟವಷ್ಟೇ ಆಗಿರಲಿಲ್ಲ. ಒಂದು ಎಸ್ಸೆಮ್ಮೆಸ್ಸಿನ ಗಾತ್ರ 140 ಬೈಟ್, ಅಂದರೆ 1120 ಬಿಟ್. ರೋಮನ್ ಅಕ್ಷರಕ್ಕೆ 7 ಬಿಟ್ ಸಾಕು. ಆದ್ದರಿಂದ 160 ಅಕ್ಷರ ಹಿಡಿಸುತ್ತವೆ. ಅರಬ್ಬೀ ಅಕ್ಷರಕ್ಕೆ (ಕನ್ನಡಕ್ಕೂ ಹಾಗೆಯೇ) 16 ಬಿಟ್ ಬೇಕು. ಆಗ ಹಿಡಿಸುವುದು 70 ಮಾತ್ರ. ಸಂದೇಶಕ್ಕೆ ಇಷ್ಟು ಹಣ ಎಂದು ತೆರುತ್ತಿದ್ದ ದಿನಗಳಲ್ಲಿ ಸ್ವಂತ ಲಿಪಿ ಎರಡು ಪಟ್ಟಿಗಿಂತ ದುಬಾರಿ. ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿ ನೋಡಿ.

ಗಣಕಕ್ಕೆ ಅರಬ್ಬೀ ಲಿಪಿ ಏಕೆ ಕಷ್ಟವಾಯಿತು? ಅದರ 28 ಅಕ್ಷರಗಳು ಒಂದಕ್ಕೊಂದು ಕೈ ಹಿಡಿದು ಸಾಗುತ್ತವೆ. ಪದದ ಆದಿಯಲ್ಲಿ, ನಡುವೆ, ಕೊನೆಯಲ್ಲಿ, ಒಂಟಿಯಾಗಿ ನಿಂತಾಗ ಹೆಚ್ಚಿನ ಅಕ್ಷರಗಳಿಗೆ ನಾಲ್ಕು ರೂಪಗಳು. ಬರವಣಿಗೆ ಬಲದಿಂದ ಎಡಕ್ಕೆ. ಆದರೆ ಸಂಖ್ಯೆಗಳು ಮಾತ್ರ ನಮ್ಮಂತೆಯೇ ಎಡದಿಂದ ಬಲಕ್ಕೆ! ಒಂದು ವಾಕ್ಯದ ನಡುವೆ 125 ಎಂದು ಬಂದರೆ ಸಾಲು ದಿಕ್ಕು ಬದಲಿಸಿ, ಮತ್ತೆ ಹಳೆಯ ದಿಕ್ಕಿಗೆ ತಿರುಗಬೇಕು. ಹಳೆಯ ಕೆಲವು ತಂತ್ರಾಂಶಗಳು ಪರದೆಯ ಮೇಲೆ ಕಾಣುವ ಕ್ರಮದಲ್ಲೇ ಅಕ್ಷರಗಳನ್ನು ಸ್ಮೃತಿಯಲ್ಲೂ ಇಡುತ್ತಿದ್ದವು. ಸಾಲು ಮುರಿದು ಮುಂದಿನ ಸಾಲಿಗೆ ಹೋದರೆ ಎಲ್ಲವೂ ತಲೆಕೆಳಗು. ಪದ ಹುಡುಕಿದರೆ ಸಿಗದು.

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಕುವೈತಿನ ಮುಹಮ್ಮದ್ ಅಲ್ ಶಾರಿಖ್ ಒಬ್ಬರು. 1982ರಲ್ಲಿ ಅವರು ಸ್ಥಾಪಿಸಿದ 'ಸಖ್ರ್' ಸಂಸ್ಥೆ ಎಂ.ಎಸ್.ಎಕ್ಸ್. ಮಾದರಿಯ ಮನೆಗಣಕಗಳನ್ನು ಅರಬ್ಬೀಗೆ ಒಗ್ಗಿಸಿತು. ಎಷ್ಟೋ ಅರಬ್ ಮಕ್ಕಳು ಕಂಡ ಮೊದಲ ಗಣಕ ಅದೇ. 1987ರಲ್ಲಿ ಐ.ಎಸ್.ಓ. 8859-6 ಎಂಬ ಅಂತರರಾಷ್ಟ್ರೀಯ ಸಂಕೇತ ಬಂತು. ಆದರೆ ವಿಂಡೋಸ್ 1256 ಎಂಬ ಇನ್ನೊಂದು ಸಂಕೇತ ಅದೇ ಅಕ್ಷರಗಳಲ್ಲಿ ಹಲವಕ್ಕೆ ಬೇರೆ ಸಂಖ್ಯೆ ಕೊಟ್ಟಿತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಗೋಜಲು. ಒಂದು ಕನ್ನಡ ತಂತ್ರಾಂಶದ ಕಡತವನ್ನು ಇನ್ನೊಂದರಲ್ಲಿ ತೆರೆದು ಪರದಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1991ರಲ್ಲಿ ಬಂದ ಯೂನಿಕೋಡ್ ಎರಡೂ ಭಾಷೆಗಳ ಕಗ್ಗಂಟನ್ನು ಒಂದೇ ಸೂತ್ರದಿಂದ ಬಿಡಿಸಿತು: ಅಕ್ಷರ ಬೇರೆ, ಅದರ ಆಕಾರ ಬೇರೆ. 'ಸ್ತ್ರೀ' ಎಂಬುದನ್ನು ಗಣಕ ಆರು ಸಂಕೇತಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಒತ್ತಕ್ಷರ ಕಟ್ಟುವುದು ಪ್ರದರ್ಶನದ ಹೊತ್ತಿಗೆ. ಹಾಗೆಯೇ ಅರಬ್ಬೀಯ 'ಬಾ' ಅಕ್ಷರಕ್ಕೆ ಬರವಣಿಗೆಯಲ್ಲಿ ಬಳಸುವ ಸಂಕೇತ ಒಂದೇ. ನೆರೆಹೊರೆ ನೋಡಿ ರೂಪವನ್ನು ಆರಿಸುವುದು ಫಾಂಟಿನ ಕೆಲಸ. ಓದುವ ಕ್ರಮದಲ್ಲೇ ಸಂಗ್ರಹಿಸು, ದಿಕ್ಕನ್ನು ತೋರಿಸುವಾಗ ನಿರ್ಧರಿಸು ಎಂಬ ದ್ವಿಮುಖ ಕ್ರಮಾವಳಿಯೂ ಯೂನಿಕೋಡಿನ ಭಾಗವಾಯಿತು.

ಲಿಪಿ ಸಿದ್ಧವಾದರೂ ಸಂಪರ್ಕ ಬೇಕಲ್ಲ? ಟ್ಯುನೀಸಿಯ 1991ರಲ್ಲೇ ಅಂತರಜಾಲಕ್ಕೆ ಜೋಡಿಸಿಕೊಂಡಿತು, ಈಜಿಪ್ಟ್ 1993ರಲ್ಲಿ. ಸೌದಿ ಅರೇಬಿಯದ ಜನಸಾಮಾನ್ಯರಿಗೆ ಅದು ದೊರೆತದ್ದು 1999ರ ಹೊತ್ತಿಗೆ, ಶೋಧಕ ಜರಡಿಯ ಮೂಲಕ. ಜೋರ್ಡಾನಿನ 'ಮಕ್ತೂಬ್' ಸಂಸ್ಥೆ ಅರಬ್ಬೀಯಲ್ಲೇ ಮಿಂಚಂಚೆ ಒದಗಿಸಿ ಹೆಸರಾಯಿತು. 2009ರಲ್ಲಿ ಯಾಹೂ ಅದನ್ನು ಕೊಂಡಿತು. ಅದೇ ವರ್ಷ ಫೇಸ್‌ಬುಕ್ ಅರಬ್ಬೀ ಮುಖ ತೊಟ್ಟಿತು. ಟ್ವಿಟರ್ (ಇಂದಿನ ಎಕ್ಸ್) ಈ ಕೆಲಸ ಮಾಡಿದ್ದು 2012ರಲ್ಲಿ. ಇವೆರಡರ ನಡುವೆ, 2010ರ ಮೇ ತಿಂಗಳಲ್ಲಿ, ಈಜಿಪ್ಟ್, ಸೌದಿ ಅರೇಬಿಯ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ದೇಶಗಳ ಹೆಸರುಗಳು ಅರಬ್ಬೀ ಲಿಪಿಯಲ್ಲೇ ಅಂತರಜಾಲ ವಿಳಾಸಗಳ ಮೂಲಪಟ್ಟಿ ಸೇರಿದವು. ರೋಮನೇತರ ಲಿಪಿಯ ದೇಶನಾಮಗಳಲ್ಲಿ ಇವೇ ಮೊದಲಿನವು.

2010ರ ಕೊನೆಗೆ ಅರಬ್ ನಾಡುಗಳಲ್ಲಿ ಫೇಸ್‌ಬುಕ್ ಬಳಕೆದಾರರು ಸುಮಾರು 2.1 ಕೋಟಿ ಇದ್ದರು; 2012ರ ನಡುವಿಗೆ ಸುಮಾರು 4.5 ಕೋಟಿಯಾದರು. ನಡುವೆ ಏನಾಯಿತೆಂಬುದು ನಿಮಗೆ ಗೊತ್ತೇ ಇದೆ. ಟ್ಯುನೀಸಿಯದಲ್ಲಿ ಆರಂಭವಾದ ಜನಾಂದೋಲನ 2011ರ ಜನವರಿಯಲ್ಲಿ ಈಜಿಪ್ಟಿಗೆ ಹಬ್ಬಿತು. ಅದನ್ನು 'ಫೇಸ್‌ಬುಕ್ ಕ್ರಾಂತಿ' ಎಂದು ಕರೆದದ್ದು ಅತಿಶಯವೇ ಸರಿ. ಜನವರಿ 28ರ ಮುಂಜಾನೆಯ ಹೊತ್ತಿಗೆ ಈಜಿಪ್ಟಿನ ಅಂತರಜಾಲ ಬಹುಪಾಲು ಸ್ತಬ್ಧವಾಗಿತ್ತು. ಆದರೂ ಜನ ಬೀದಿಗಿಳಿದರು. ಯಾರೂ ಕೇಬಲ್ ಕತ್ತರಿಸಿರಲಿಲ್ಲ. 'ಈ ವಿಳಾಸಗಳಿಗೆ ಬರುವ ದಾರಿ ಇದು' ಎಂದು ಸೇವಾದಾರರ ಯಂತ್ರಗಳು ಜಗತ್ತಿಗೆ ಸಾರುತ್ತಿದ್ದ ಸುಮಾರು 3,500 ಮಾರ್ಗಸೂಚನೆಗಳನ್ನು ಹಿಂತೆಗೆದುಕೊಳ್ಳಲಾಗಿತ್ತು, ಅಷ್ಟೆ. ಊರು ಇದ್ದಲ್ಲೇ ಇದೆ, ಕೈಮರಗಳನ್ನೆಲ್ಲ ಕಿತ್ತಿದ್ದಾರೆ ಎಂದುಕೊಳ್ಳಿ. ಆಗ ಗೂಗಲ್ ಮತ್ತು ಟ್ವಿಟರ್ ಸೇರಿ, ಸಾಮಾನ್ಯ ದೂರವಾಣಿಯಲ್ಲಿ ಆಡಿದ ಮಾತನ್ನು ಟ್ವೀಟ್ ಆಗಿ ಪ್ರಕಟಿಸುವ ವ್ಯವಸ್ಥೆ ಮಾಡಿದವು. ಸಂಪರ್ಕ ಮರಳಿದ್ದು ಫೆಬ್ರುವರಿ 2ರಂದು. (ನಿಜಕ್ಕೂ ಕೇಬಲ್ ತುಂಡಾದದ್ದು ಮೂರು ವರ್ಷ ಮುಂಚೆ, 2008ರ ಜನವರಿಯಲ್ಲಿ, ಅಲೆಕ್ಸಾಂಡ್ರಿಯ ಬಳಿಯ ಸಮುದ್ರದಲ್ಲಿ. ಆಗ ಭಾರತದ ಅಂತರಜಾಲವೂ ಕುಂಟಿತು.)

ಶಾಲೆಯಲ್ಲಿ ಕಲಿಯುವ ಗ್ರಾಂಥಿಕ ಅರಬ್ಬೀಗೂ ಮನೆಮಾತಿಗೂ ಬಹಳ ಅಂತರ. ಮೊರೊಕ್ಕೊದ ಆಡುಮಾತು ಇರಾಕಿನವರಿಗೆ ಸುಲಭವಾಗಿ ತಿಳಿಯದು. ಮುದ್ರಣದಲ್ಲಿ ಅಷ್ಟಾಗಿ ಕಾಣದಿದ್ದ ಈ ಆಡುಮಾತುಗಳು ಸಾಮಾಜಿಕ ಜಾಲತಾಣಗಳಲ್ಲಿ ಧಾರಾಳವಾಗಿ ಬರವಣಿಗೆಗಿಳಿದವು. ನನ್ನ ದೃಷ್ಟಿಯಲ್ಲಿ ದೊಡ್ಡ ಬದಲಾವಣೆ ಇದೇ. ಆದರೆ ಯಂತ್ರಗಳು ಇದಕ್ಕೆ ಸಿದ್ಧವಾಗಿರಲಿಲ್ಲ. 2017ರಲ್ಲಿ ಪ್ಯಾಲೆಸ್ತೀನಿನ ಕಾರ್ಮಿಕರೊಬ್ಬರು ಬುಲ್ಡೋಜರ್ ಪಕ್ಕ ನಿಂತ ಚಿತ್ರಕ್ಕೆ 'ಶುಭೋದಯ' ಎಂದು ಬರೆದರು. ಫೇಸ್‌ಬುಕ್ಕಿನ ಯಾಂತ್ರಿಕ ಅನುವಾದ ಅದನ್ನು ಹೀಬ್ರೂವಿನಲ್ಲಿ 'ಅವರ ಮೇಲೆ ದಾಳಿ ಮಾಡಿ' ಎಂದು ತೋರಿಸಿತು! ಇಸ್ರೇಲಿನ ಪೊಲೀಸರು ಅವರನ್ನು ಬಂಧಿಸಿ, ಕೆಲ ಗಂಟೆಗಳ ನಂತರ ಬಿಟ್ಟರು. ಅರಬ್ಬೀ ಬಲ್ಲ ಅಧಿಕಾರಿ ಯಾರೂ ಮೂಲವನ್ನು ಓದಿರಲಿಲ್ಲ ಎಂದು ಪತ್ರಿಕೆಗಳು ವರದಿ ಮಾಡಿದವು. 'ಶಹೀದ್' ಪದದ ಕಥೆಯೂ ಇಂಥದೇ. ಸಂದರ್ಭಕ್ಕೆ ತಕ್ಕಂತೆ ಹಲವು ಅರ್ಥ ಕೊಡುವ ಈ ಪದದಿಂದಾಗಿ ಮೆಟಾ ಸಂಸ್ಥೆಯ ತಾಣಗಳಲ್ಲಿ ಅಳಿಸಿಹೋದಷ್ಟು ಬರಹಗಳು ಬೇರಾವ ಒಂಟಿ ಪದದಿಂದಲೂ ಅಳಿದಿಲ್ಲ ಎಂದು ಅದರ ಮೇಲ್ವಿಚಾರಣಾ ಮಂಡಳಿ 2024ರಲ್ಲಿ ಹೇಳಿತು. ಅದೇ ವರ್ಷ ನಿಯಮ ಸಡಿಲವಾಯಿತು.

2021ರ ಮೇ ತಿಂಗಳಲ್ಲಿ, ತಮ್ಮ ಬರಹಗಳು ಹೀಗೆ ಮಾಯವಾಗುತ್ತಿದ್ದಾಗ, ಹಲವರು ಅಕ್ಷರಗಳ ಚುಕ್ಕೆಗಳನ್ನೇ ತೆಗೆದು ಬರೆಯತೊಡಗಿದರು. 'ಬಾ' ಅಕ್ಷರಕ್ಕೆ ಕೆಳಗೆ ಒಂದು ಚುಕ್ಕೆ, 'ತಾ'ಗೆ ಮೇಲೆ ಎರಡು, 'ಥಾ'ಗೆ ಮೂರು. ಚುಕ್ಕೆ ಹೋದರೆ ಮೂರೂ ಒಂದೇ ಗೆರೆ. ಯಂತ್ರಕ್ಕೆ ಅದು ಅರ್ಥವಿಲ್ಲದ ಸಾಲು. ಓದುವವರಿಗೆ ಮಾತ್ರ ಕಷ್ಟವಾಗಲಿಲ್ಲ. ಏಳನೆಯ ಶತಮಾನದ ಅರಬ್ಬೀ ಹಸ್ತಪ್ರತಿಗಳಲ್ಲೂ ಚುಕ್ಕೆಗಳು ಅಪರೂಪ. ಅಂದಿನವರೂ ಸಂದರ್ಭ ನೋಡಿಯೇ ಓದಿಕೊಳ್ಳುತ್ತಿದ್ದರು.