ಬ್ರಹ್ಮಪುರಿಯ ಆಂಡ್ರೊಮಿಡಾ: ಕಂಚಿನ ಫಲಕವೊಂದರ ಮರುಪರಿಶೀಲನೆ

ಬೆಳಗಾವಿ ಜಿಲ್ಲೆಯ ಮುಗಳಖೋಡ, ರಾಯಬಾಗದ ಕಡೆಯವರಿಗೆ ಕೊಲ್ಲಾಪುರ ಪರಸ್ಥಳವಲ್ಲ. ರಾಯಬಾಗವಂತೂ 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಕೊಲ್ಲಾಪುರದಲ್ಲಿ ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ ಸಿಕ್ಕ ಕಂಚಿನ ವಸ್ತುಗಳ ನಿಧಿಗೆ ವಿದ್ವಾಂಸರು ಕನ್ನಡ ಪ್ರಾಧ್ಯಾಪಕ ಕೆ. ಜಿ. ಕುಂದಣಗಾರರ ಹೆಸರನ್ನೇ ಇಟ್ಟಿದ್ದಾರೆ. 1945–46ರಲ್ಲಿ ಪುರಾತತ್ತ್ವಜ್ಞರಾದ ಸಾಂಕಳಿಯಾ ಮತ್ತು ದೀಕ್ಷಿತರು ನಡೆಸಿದ ಉತ್ಖನನ ಇಲ್ಲಿನ ಸಾತವಾಹನ ನೆಲೆಯನ್ನು ಸ್ಪಷ್ಟಪಡಿಸಿತು. ಕೆಲವು ವಸ್ತುಗಳು ರೋಮನ್ ಜಗತ್ತಿನಿಂದ ಬಂದವೆಂಬ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಅವುಗಳ ಅರ್ಥದಲ್ಲಿ. ಗ್ರೀಕರ ಸಮುದ್ರದೇವ, ಗಡ್ಡಧಾರಿ ಪೊಸೈಡನ್‌ನ ಮೂರ್ತಿಯೇ ಚರ್ಚೆಯನ್ನೆಲ್ಲ ನುಂಗಿದೆ. ವಿದ್ವಾಂಸರಾದ ಖಂಡಾಲಾವಾಲಾ 1960ರಲ್ಲಿ, ದ ಪ್ಯೂಮಾ 1991ರಲ್ಲಿ ಈ ಕಂಚುಗಳ ಶೈಲಿ, ಕಾಲಗಳನ್ನು ಪರಿಶೀಲಿಸಿದರು. ಆದರೆ ಸಮುದ್ರದೇವತೆ ಬಂದದ್ದರಿಂದ ಗ್ರೀಕ್ ಕಥೆಯೂ ಬಂತೆಂದು ಹೇಳುವುದು ಅವಸರದ ಮಾತು. ಅಲ್ಲಿಯೇ ಸಿಕ್ಕ, ಪರ್ಸಿಯಸ್–ಆಂಡ್ರೊಮಿಡಾ ಇರುವ ಚಿಕ್ಕ ಉಬ್ಬುಚಿತ್ರದ ಫಲಕ ಈ ವಾದಕ್ಕೆ ಹೆಚ್ಚು ಒಳ್ಳೆಯ ಒರೆಗಲ್ಲು.

ಪರ್ಸಿಯಸ್ ಆಂಡ್ರೊಮಿಡಾಳನ್ನು ಕಡಲಮೃಗದಿಂದ ಬಿಡಿಸಿದ ಇದೇ ಕಥೆ ಟುನೀಸಿಯಾದ ಬುಲ್ಲಾ ರೆಜಿಯಾದಲ್ಲೂ ಟರ್ಕಿಯ ಜೂಗ್ಮಾದಲ್ಲೂ ಮೊಸಾಯಿಕ್ ನೆಲವಾಗಿದೆ. ಬಂಡೆಯಿಂದ ಇಳಿಯುವ ಆಂಡ್ರೊಮಿಡಾಳ ಕೈಯನ್ನು ಪರ್ಸಿಯಸ್ ಹಿಡಿಯುತ್ತಾನೆ. ಕಡಲಮೃಗ ಕೆಳಗೆ ಬಿದ್ದಿರುತ್ತದೆ. ಅಂಥ ಚಿತ್ರ ಮನೆಯ ನೆಲಕ್ಕೇ ಅಂಟಿಕೊಂಡದ್ದು. ಯಜಮಾನ, ಅತಿಥಿ ಇಬ್ಬರಿಗೂ ಕಥೆ ಗೊತ್ತು, ಊಟದ ಹೊತ್ತಿನ ಮಾತಿಗೂ ಅದು ವಸ್ತು. ಫಲಕದ ಮಾತು ಬೇರೆ. ಇಂಥವನ್ನು ಪಾತ್ರೆ ಮುಂತಾದವುಗಳಿಗೆ ಅಲಂಕಾರವಾಗಿ ಕೂರಿಸುತ್ತಿದ್ದರು. ಕಡಲು ದಾಟಿ, ಸಹ್ಯಾದ್ರಿಯ ಘಾಟು ಹತ್ತಿ ಬಂದದ್ದು ಲೋಹ. ಅದರ ಜೊತೆ ಕಥೆ ಹೇಳುವವನೂ ಬಂದನೇ?

ನನ್ನ ವಾದವಿಷ್ಟು: ಬ್ರಹ್ಮಪುರಿಯವರ ಕಣ್ಣಿಗೆ ಇದು ಬಹುಶಃ ಗ್ರೀಕ್ ಪುರಾಣವಾಗಿರಲಿಲ್ಲ, ನಯವಾದ ಕೆಲಸದ, ದೂರದ ಊರಿನ ಬೆಲೆಬಾಳುವ ಕಂಚಾಗಿತ್ತು. ಆನೆಯ ಮೇಲೆ ಸವಾರರು ಕೂತ ದೇಶೀ ಕಂಚೂ ಇದೇ ನಿಧಿಯಲ್ಲಿರುವುದು ಈ ಊಹೆಗೆ ಒತ್ತಾಸೆಯಾಗುತ್ತದೆ, ಸಾಧಿಸುವುದಿಲ್ಲ. ಬಗೆಬಗೆಯ ಕಂಚನ್ನು ಒಂದೆಡೆ ಕೂಡಿಟ್ಟವನು ಆಮದು ಮಾಲಿನ ರಸಿಕನಾಗಿರಬಹುದು, ಕಂಚುಗಾರನೂ ಆಗಿರಬಹುದು. ವಿದೇಶೀ ವರ್ತಕನೊಬ್ಬ ಇಲ್ಲೇ ನೆಲೆಸಿ ಕಥೆಯನ್ನು ವಿವರಿಸಿದ್ದನೆಂದರೆ ನನ್ನ ವಾದ ಸಡಿಲಾಗುತ್ತದೆ. ಆ ಸಾಧ್ಯತೆಯನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಪಶ್ಚಿಮದೊಡನೆ ನಂಟಿತ್ತೆನ್ನಲು, ಇಲ್ಲಿನ ನಾಣ್ಯಗಳಲ್ಲಿ ಹೆಸರಿರುವ ಅರಸ ವಿಳಿವಾಯಕುರನನ್ನೇ ಗ್ರೀಕ್ ಭೂಗೋಳಜ್ಞ ಟಾಲೆಮಿ ಹೇಳುವ ಬಲಿಯೊಕುರನೆಂದು ಗುರುತಿಸುವವರಿದ್ದಾರೆ. ಅದನ್ನೊಪ್ಪಿದರೂ ಅರಸನ ಹೆಸರು ಪಶ್ಚಿಮಕ್ಕೆ ಮುಟ್ಟಿತೆಂದಷ್ಟೇ ಆಗುತ್ತದೆ, ಪುರಾಣ ಇತ್ತ ಬಂದಂತಾಗುವುದಿಲ್ಲ.

ಫಲಕ ಯಾವ ವಸ್ತುವಿಗೆ ಕೂತಿತ್ತು, ಅದು ಇಲ್ಲಿಗೆ ಬಂದ ಮೇಲೆ ಬೇರ್ಪಟ್ಟಿತೋ ಬರುವ ಮೊದಲೋ ಎಂಬುದು ಇನ್ನೂ ಇತ್ಯರ್ಥವಾಗಬೇಕು. ಅದರ ಹಿಂಬದಿಯಲ್ಲಿ ಬೆಸುಗೆಯ ಗುರುತುಗಳಿದ್ದರೆ ಅವನ್ನು ಇಟಲಿಯ ಕಂಪಾನಿಯಾದ ಪಾತ್ರೆಗಳೊಂದಿಗೆ ಹೋಲಿಸಿ ನೋಡುವುದು ಮುಂದಿನ ಕೆಲಸ.