ಕನ್ವರ್ಟಿಬಲ್ ಲ್ಯಾಪ್‌ಟಾಪ್

ಸ್ಪರ್ಶಪರದೆಯನ್ನು ಹಿಂದಕ್ಕೆ ಮಡಚಿ ಇಲ್ಲವೆ ತಿರುಗಿಸಿ ಟ್ಯಾಬ್ಲೆಟ್ಟಿನಂತೆಯೂ ಬಳಸಬಹುದಾದ ಲ್ಯಾಪ್‌ಟಾಪ್. ಅಂಗಡಿಗಳಲ್ಲಿ ಇದು ಟು-ಇನ್-ವನ್ ಎಂಬ ಹೆಸರಿನಲ್ಲೂ ಸಿಗುತ್ತದೆ. ಆದರೆ ಟು-ಇನ್-ವನ್ ಎಂಬುದು ಇನ್ನೂ ದೊಡ್ಡ ಗುಂಪು. ಕೀಬೋರ್ಡಿನಿಂದ ಪರದೆಯನ್ನು ಪೂರ್ತಿ ಕಳಚಬಹುದಾದ ಡಿಟ್ಯಾಚಬಲ್ ಯಂತ್ರಗಳೂ ಅದರಲ್ಲಿ ಸೇರುತ್ತವೆ. ಲೆನೊವೊದ ಯೋಗಾ, ಎಚ್‌ಪಿಯ ಸ್ಪೆಕ್ಟರ್ ಎಕ್ಸ್360 ಕನ್ವರ್ಟಿಬಲ್‌ಗಳು. ಮೈಕ್ರೋಸಾಫ್ಟ್‌ನ ಸರ್ಫೇಸ್ ಪ್ರೊ ಡಿಟ್ಯಾಚಬಲ್. ಸರ್ಫೇಸ್ ಪ್ರೊದಲ್ಲಿ ಪ್ರೊಸೆಸರ್, ಬ್ಯಾಟರಿ ಎಲ್ಲವೂ ಪರದೆಯ ಹಿಂದೆ ಇರುತ್ತವೆ. ಕನ್ವರ್ಟಿಬಲ್‌ನಲ್ಲಿ ಅವು ಕೀಬೋರ್ಡಿನ ಕೆಳಗಿರುತ್ತವೆ. ಹಾಗಾಗಿ ಕನ್ವರ್ಟಿಬಲ್ ತೊಡೆಯ ಮೇಲೆ ಭದ್ರವಾಗಿ ಕೂರುತ್ತದೆ; ಆದರೆ ಟ್ಯಾಬ್ಲೆಟ್ಟಾಗಿ ಎತ್ತಿ ಹಿಡಿದಾಗ ಇಡೀ ಲ್ಯಾಪ್‌ಟಾಪಿನ ಭಾರ ಕೈಗೆ ಬೀಳುತ್ತದೆ. ಇದರ ಗುಣ, ದೋಷ ಎರಡಕ್ಕೂ ಮೂಲ ಈ ರಚನೆಯೇ.

ಇತಿಹಾಸ

ಪರದೆಯ ಮೇಲೆ ಪೆನ್ನಿನಿಂದ ಬರೆಯುವ ಕಂಪ್ಯೂಟರುಗಳು 1980ರ ದಶಕದ ಕೊನೆಗೇ ಬಂದಿದ್ದವು. 1989ರಲ್ಲಿ ಮಾರುಕಟ್ಟೆಗೆ ಬಂದ ಗ್ರಿಡ್‌ಪ್ಯಾಡ್ ಅವುಗಳಲ್ಲಿ ಹೆಸರಾದದ್ದು. ಇದನ್ನು ರೂಪಿಸಿದ ಜೆಫ್ ಹಾಕಿನ್ಸ್ ಮುಂದೆ ಪಾಮ್ ಕಂಪನಿಯನ್ನು ಸ್ಥಾಪಿಸಿದರು. ಲ್ಯಾಪ್‌ಟಾಪ್ ಮತ್ತು ಟ್ಯಾಬ್ಲೆಟ್ಟನ್ನು ಒಂದೇ ಯಂತ್ರದಲ್ಲಿ ಕೂಡಿಸುವ ಪ್ರಯತ್ನಕ್ಕೆ ದೊಡ್ಡ ಬಲ ಸಿಕ್ಕಿದ್ದು 2002ರ ನವೆಂಬರ್‌ನಲ್ಲಿ. ಆಗ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯ ಟ್ಯಾಬ್ಲೆಟ್ ಪಿಸಿ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದರೊಂದಿಗೆ ಬಂದ ಏಸರ್ ಟ್ರಾವೆಲ್‌ಮೇಟ್ ಸಿ100ರ ಪರದೆ ನಡುವಿನ ಒಂದೇ ಕೀಲಿನ ಮೇಲೆ ಅರ್ಧ ಸುತ್ತು ತಿರುಗಿ ಕೀಬೋರ್ಡಿನ ಮೇಲೆ ಮಲಗುತ್ತಿತ್ತು. ಆ ಕಾಲದ ಟ್ಯಾಬ್ಲೆಟ್ ಪಿಸಿಗಳ ಪರದೆ ಸಾಮಾನ್ಯವಾಗಿ ವಿಶೇಷ ಪೆನ್ನಿಗೆ ಮಾತ್ರ ಸ್ಪಂದಿಸುತ್ತಿತ್ತು, ಬೆರಳಿಗಲ್ಲ. ಬೆಲೆಯೂ ಹೆಚ್ಚಿದ್ದರಿಂದ ಅವು ಆಸ್ಪತ್ರೆ, ವಿಮಾ ಕಂಪನಿ, ವಿಶ್ವವಿದ್ಯಾಲಯಗಳಂಥ ಕಡೆಗಳಲ್ಲಿ ಉಳಿದವೇ ಹೊರತು ಮನೆಮನೆಗೆ ಬರಲಿಲ್ಲ.

2010ರಲ್ಲಿ ಬಂದ ಐಪ್ಯಾಡ್, ಬೆರಳಿನಿಂದ ಪರದೆ ಮುಟ್ಟುವುದನ್ನು ಎಲ್ಲರಿಗೂ ರೂಢಿ ಮಾಡಿಸಿತು. 2012ರ ಅಕ್ಟೋಬರ್‌ನಲ್ಲಿ ಸ್ಪರ್ಶಕ್ಕೆಂದೇ ಹೊಸದಾಗಿ ರೂಪಿಸಿದ ವಿಂಡೋಸ್ 8 ಬಂತು. ಆಗ ತಯಾರಕರು ಬಗೆಬಗೆಯ ವಿನ್ಯಾಸಗಳನ್ನು ಪರೀಕ್ಷೆಗೆ ಒಡ್ಡಿದರು. ಡೆಲ್ ಎಕ್ಸ್‌ಪಿಎಸ್ 12ರಲ್ಲಿ ಪರದೆ ತನ್ನ ಚೌಕಟ್ಟಿನೊಳಗೇ ಮಗುಚುತ್ತಿತ್ತು. ಏಸಸ್ ತೈಚಿಯಲ್ಲಿ ಮುಚ್ಚಳದ ಎರಡೂ ಬದಿಗೆ ಪರದೆಗಳಿದ್ದವು. ಕೊನೆಗೆ ನೆಲೆ ನಿಂತದ್ದು ಲೆನೊವೊ ಐಡಿಯಾಪ್ಯಾಡ್ ಯೋಗಾ 13 ತಂದ 360 ಡಿಗ್ರಿ ಕೀಲು. 2013ರಲ್ಲಿ ಇಂಟೆಲ್ ಟು-ಇನ್-ವನ್ ಹೆಸರಿಗೆ ಪ್ರಚಾರ ಕೊಟ್ಟಿತು. 2015ರಲ್ಲಿ ಎಚ್‌ಪಿ ಸ್ಪೆಕ್ಟರ್ ಎಕ್ಸ್360, ಏಸಸ್ ಕ್ರೋಮ್‌ಬುಕ್ ಫ್ಲಿಪ್ ಬಂದ ಮೇಲೆ ದುಬಾರಿ ದರ್ಜೆಯಲ್ಲೂ ಅಗ್ಗದ ದರ್ಜೆಯಲ್ಲೂ ಈ ವಿನ್ಯಾಸ ಸಾಮಾನ್ಯವಾಯಿತು.

ರಚನೆ ಮತ್ತು ಬಳಕೆಯ ಭಂಗಿಗಳು

360 ಡಿಗ್ರಿ ಕೀಲಿನಲ್ಲಿ ಒಂದರ ಪಕ್ಕ ಒಂದು ಎರಡು ತಿರುಗುಗೂಟಗಳಿರುತ್ತವೆ. ಪರದೆಯನ್ನು ಎಷ್ಟು ಬಗ್ಗಿಸಿದರೂ ಅಲ್ಲೇ ನಿಲ್ಲಬೇಕು, ಆದರೆ ಬಗ್ಗಿಸುವಾಗ ಬಿಗಿ ಎನಿಸಬಾರದು. ಇವೆರಡನ್ನೂ ಹೊಂದಿಸುವುದೇ ಈ ಯಂತ್ರದ ಕಠಿಣ ಕೆಲಸ. 2014ರ ಯೋಗಾ 3 ಪ್ರೊದಲ್ಲಿ ಕೈಗಡಿಯಾರದ ಪಟ್ಟಿಯನ್ನು ಹೋಲುವ ಕೀಲಿಗಾಗಿಯೇ ಉಕ್ಕು ಮತ್ತು ಅಲ್ಯೂಮಿನಿಯಮ್ಮಿನ 800ಕ್ಕೂ ಹೆಚ್ಚು ತುಣುಕುಗಳನ್ನು ಬಳಸಿದ್ದರು.

ಇಂಥ ಯಂತ್ರವನ್ನು ನಾಲ್ಕು ಭಂಗಿಗಳಲ್ಲಿ ಬಳಸಬಹುದು. ಮೊದಲನೆಯದು ಎಂದಿನ ಲ್ಯಾಪ್‌ಟಾಪ್ ಭಂಗಿ. ಕೀಬೋರ್ಡನ್ನು ಮೇಜಿಗೆ ಕವುಚಿ ಹಾಕಿ ಪರದೆಯನ್ನು ಮುಂದಕ್ಕೆ ನಿಲ್ಲಿಸಿದರೆ ಸ್ಟ್ಯಾಂಡ್ ಭಂಗಿ. ಎರಡು ಅಂಚುಗಳ ಮೇಲೆ ಗುಡಾರದಂತೆ ನಿಲ್ಲಿಸಿದರೆ ಟೆಂಟ್ ಭಂಗಿ. ಪೂರ್ತಿ ಹಿಂದಕ್ಕೆ ಮಡಚಿದರೆ ಟ್ಯಾಬ್ಲೆಟ್. ಪರದೆ 180 ಡಿಗ್ರಿ ದಾಟಿದ್ದನ್ನು ಸಂವೇದಕಗಳು ಗುರುತಿಸಿ ಕೀಬೋರ್ಡು ಮತ್ತು ಟಚ್‌ಪ್ಯಾಡನ್ನು ಸ್ಥಗಿತಗೊಳಿಸುತ್ತವೆ. ಇಲ್ಲದಿದ್ದರೆ ಹಿಂಬದಿಯಲ್ಲಿ ಬೆರಳು ತಾಗಿದ ಕೀಲಿಗಳೆಲ್ಲ ಒತ್ತಿಹೋಗುತ್ತಿದ್ದವು. 2013ರ ಥಿಂಕ್‌ಪ್ಯಾಡ್ ಯೋಗಾದಲ್ಲಿ ಮಡಚುತ್ತಿದ್ದಂತೆ ಸುತ್ತಲಿನ ಚೌಕಟ್ಟು ಕೀಲಿಗಳ ಮಟ್ಟಕ್ಕೆ ಏರಿ, ಕೀಲಿಗಳು ಅಲ್ಲೇ ಬಿಗಿಯಾಗುವ ಏರ್ಪಾಡಿತ್ತು.

ಪರದೆ ಮತ್ತು ಪೆನ್ನು

ಬೆರಳಿನ ಸ್ಪರ್ಶವನ್ನು ಗ್ರಹಿಸುವುದು ಗಾಜಿನ ಅಡಿಯ ಪಾರದರ್ಶಕ ವಿದ್ಯುದ್ವಾಹಕ ಪದರ. ಬೆರಳು ತಾಗಿದ ಜಾಗದಲ್ಲಿ ವಿದ್ಯುದಾವೇಶ ಬದಲಾಗುತ್ತದೆ. ಅದನ್ನು ಅಳೆದು ಯಂತ್ರ ಸ್ಥಾನವನ್ನು ತಿಳಿಯುತ್ತದೆ. ಬರವಣಿಗೆಗೆ ಇದಷ್ಟೇ ಸಾಲದು. ಬರೆಯುವಾಗ ಅಂಗೈ ಪರದೆಯ ಮೇಲೆ ಒರಗುತ್ತದೆ. ಅಂಗೈಯನ್ನು ಬಿಟ್ಟು ಪೆನ್ನಿನ ಮೊನೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು, ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗಬೇಕು. ಇದಕ್ಕಾಗಿ ಸಕ್ರಿಯ ಪೆನ್ನು ಬೇಕು.

ಇಂಥ ಪೆನ್ನುಗಳಲ್ಲಿ ಹಲವು ಪದ್ಧತಿಗಳಿವೆ. ಜಪಾನಿನ ವಾಕಾಮ್ ಕಂಪನಿಯ ವಿದ್ಯುತ್ಕಾಂತೀಯ ಅನುರಣನ ಪದ್ಧತಿಯಲ್ಲಿ ಪೆನ್ನಿಗೆ ಬ್ಯಾಟರಿ ಬೇಡ; ಪರದೆಯ ಹಿಂದಿನ ಪದರದಿಂದಲೇ ಶಕ್ತಿ ಸಿಗುತ್ತದೆ. ವಾಕಾಮ್‌ನದೇ ಇನ್ನೊಂದು ಪದ್ಧತಿ, ಮೈಕ್ರೋಸಾಫ್ಟ್‌ನ ಪೆನ್ ಪ್ರೋಟೊಕಾಲ್, ಕ್ರೋಮ್‌ಬುಕ್‌ಗಳಲ್ಲಿ ಹೆಚ್ಚಾಗಿ ಕಾಣುವ ಯುಎಸ್‌ಐ, ಇವುಗಳ ಪೆನ್ನುಗಳಿಗೆ ಬ್ಯಾಟರಿ ಬೇಕು. ಒಂದು ಪದ್ಧತಿಯ ಪೆನ್ನು ಇನ್ನೊಂದರ ಪರದೆಯಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ತುದಿಯಲ್ಲಿ ರಬ್ಬರ್ ಗುಂಡಿರುವ ಅಗ್ಗದ ಸ್ಟೈಲಸ್ ಬೆರಳಿಗೆ ಬದಲಿಯಷ್ಟೆ. ಅದರಲ್ಲಿ ಒತ್ತಕ್ಷರಗಳನ್ನು ಸ್ಪಷ್ಟವಾಗಿ ಬರೆಯುವುದು ಕಷ್ಟ.

ಅನುಕೂಲಗಳು

ಕನ್ವರ್ಟಿಬಲ್‌ನ ನಿಜವಾದ ಲಾಭ ಪೆನ್ನು ಹಿಡಿದವರಿಗೆ. ವರ್ಗ ಸಮೀಕರಣದ ಸೂತ್ರವನ್ನು ಕೀಬೋರ್ಡಿನಲ್ಲಿ ಮೂಡಿಸಲು ಭಿನ್ನರಾಶಿಯ ಗೆರೆ, ವರ್ಗಮೂಲದ ಚಿಹ್ನೆ, ಘಾತಾಂಕ ಒಂದೊಂದನ್ನೂ ಮೆನುವಿನಲ್ಲಿ ಹುಡುಕಬೇಕು. ಪೆನ್ನಿನಲ್ಲಿ ಅದು ಕೆಲವೇ ಸೆಕೆಂಡುಗಳ ಕೆಲಸ. ಆನ್‌ಲೈನ್ ಪಾಠ ಮಾಡುವ ಗಣಿತ, ಭೌತಶಾಸ್ತ್ರದ ಅಧ್ಯಾಪಕರಿಗೆ ಇದೇ ಕರಿಹಲಗೆ. ರಸಾಯನಶಾಸ್ತ್ರದ ರಚನೆ, ವಿದ್ಯುನ್ಮಂಡಲ, ಕಟ್ಟಡದ ನಕ್ಷೆ ಹೀಗೆ ಗೆರೆಯಿಂದಲೇ ಹುಟ್ಟುವ ಟಿಪ್ಪಣಿಗಳಿಗೂ ಈ ಮಾತು ಸಲ್ಲುತ್ತದೆ.

ಕನ್ನಡ ಪುಸ್ತಕದ ಕರಡು ತಿದ್ದುವವರಿಗೂ ಇದು ಒಳ್ಳೆಯ ಸಾಧನ. ಪಿಡಿಎಫ್ ಪುಟವನ್ನು ಪರದೆ ತುಂಬ ಹಿಡಿಸಿಕೊಂಡು, ತಪ್ಪಿದ ಮಹಾಪ್ರಾಣಕ್ಕೆ ಸುತ್ತು ಹಾಕಿ, ಬಿಟ್ಟುಹೋದ ಒತ್ತನ್ನು ಅಂಚಿನಲ್ಲಿ ಬರೆದು, ಕಾಗದ ಮುದ್ರಿಸದೆಯೇ ಮುದ್ರಕರಿಗೆ ಕಳುಹಿಸಬಹುದು. ಅದೇ ಯಂತ್ರವನ್ನು ಬಿಡಿಸಿದರೆ ಪೂರ್ಣ ಕೀಬೋರ್ಡು ಎದುರಿಗಿರುತ್ತದೆ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಕೈ ಪಳಗಿದವರು ಪರದೆಯ ಮೇಲಿನ ಕೀಲಿಗಳಲ್ಲಿ ಆ ವೇಗ ಪಡೆಯಲಾರರು. ಹಾಗಾಗಿ ಟ್ಯಾಬ್ಲೆಟ್ ಒಂದನ್ನೇ ಕೊಳ್ಳುವುದಕ್ಕಿಂತ ಅವರಿಗೆ ಇದು ಮೇಲು.

ವಿಮಾನ, ರೈಲಿನ ಕಿರಿದಾದ ಮೇಜಿನ ಮೇಲೆ ಟೆಂಟ್ ಭಂಗಿ ಕಡಿಮೆ ಜಾಗ ಬೇಡುತ್ತದೆ. ಎದುರು ಕುಳಿತವರಿಗೆ ದಾಖಲೆ ತೋರಿಸಿ ಸಹಿ ಪಡೆಯುವುದು ಸುಲಭ. ಎರಡು ಸಾಧನಗಳ ನಡುವೆ ಕಡತಗಳನ್ನು ಕಳುಹಿಸಿಕೊಳ್ಳುವ ಗೊಡವೆಯೂ ಇರುವುದಿಲ್ಲ.

ಮಿತಿಗಳು

ಮೊದಲನೆಯದು ತೂಕ. 13ರಿಂದ 14 ಇಂಚಿನ ಕನ್ವರ್ಟಿಬಲ್‌ಗಳು ಸಾಮಾನ್ಯವಾಗಿ 1.3ರಿಂದ 1.5 ಕಿಲೋ ಇರುತ್ತವೆ. ಹತ್ತು-ಹನ್ನೊಂದು ಇಂಚಿನ ಟ್ಯಾಬ್ಲೆಟ್ ಸುಮಾರು ಅರ್ಧ ಕಿಲೋ. ಹಾಸಿಗೆಯಲ್ಲಿ ಒರಗಿ ಒಂದೇ ಕೈಯಲ್ಲಿ ಹಿಡಿದು ಓದಲು ಕನ್ವರ್ಟಿಬಲ್ ತಕ್ಕುದಲ್ಲ. ಮೇಜು ಅಥವಾ ತೊಡೆಯ ಆಸರೆ ಬೇಕೇ ಬೇಕು. ಹಿಂಬದಿಯಲ್ಲಿ ಕೈಗೆ ಸಿಗುವ ಕೀಲಿಗಳು ಹಲವರಿಗೆ ಕಿರಿಕಿರಿ ಎನಿಸುತ್ತವೆ.

ಎರಡನೆಯದು ತೋಳಿನ ದಣಿವು. ನೇರ ನಿಂತ ಪರದೆಯನ್ನು ಮತ್ತೆ ಮತ್ತೆ ಮುಟ್ಟಲು ತೋಳನ್ನು ಗಾಳಿಯಲ್ಲಿ ಎತ್ತಿ ಹಿಡಿಯಬೇಕು. 2010ರ ಅಕ್ಟೋಬರ್‌ನಲ್ಲಿ ಸ್ಟೀವ್ ಜಾಬ್ಸ್ ಮ್ಯಾಕ್‌ಗೆ ಸ್ಪರ್ಶಪರದೆ ಬೇಡವೆನ್ನಲು ಕೊಟ್ಟ ಕಾರಣ ಇದೇ. ಸ್ಪರ್ಶಪರದೆಯ ಮೇಲೆ ಬರಬಹುದಾದ ದೊಡ್ಡ ಆಕ್ಷೇಪವಿದು. ಆದರೆ ಪರದೆಯನ್ನು ಮಲಗಿಸಿ ಬಳಸಬಹುದಾದ ಕನ್ವರ್ಟಿಬಲ್ ಇದಕ್ಕೆ ಅರ್ಧ ಉತ್ತರವನ್ನಾದರೂ ಕೊಡುತ್ತದೆ.

ಮೂರನೆಯದು ಪರದೆಯ ಹೊಳಪು. ಗಾಜಿನ ಮೇಲ್ಮೈ ಕಿಟಕಿಯ ಬೆಳಕನ್ನೂ ಟ್ಯೂಬ್‌ಲೈಟನ್ನೂ ಪ್ರತಿಫಲಿಸುತ್ತದೆ, ಬೆರಳಿನ ಗುರುತು ಬೇಗ ಹಿಡಿಯುತ್ತದೆ. ಸ್ಪರ್ಶ ಪದರ ಸ್ವಲ್ಪ ಬ್ಯಾಟರಿಯನ್ನೂ ಬಳಸುತ್ತದೆ.

ನಾಲ್ಕನೆಯದು ದುರಸ್ತಿ. ಬಹುಪಾಲು ಮಾದರಿಗಳಲ್ಲಿ ಗಾಜು ಮತ್ತು ಡಿಸ್‌ಪ್ಲೇ ಒಂದಕ್ಕೊಂದು ಅಂಟಿರುತ್ತವೆ. ಗಾಜು ಮಾತ್ರ ಬಿರುಕು ಬಿಟ್ಟರೂ ಎರಡನ್ನೂ ಬದಲಿಸಬೇಕು. ಪ್ಲಾಸ್ಟಿಕ್ ಮೈಯ ಅಗ್ಗದ ಯಂತ್ರಗಳಲ್ಲಿ ಕೀಲಿನ ಸ್ಕ್ರೂ ಹಿಡಿದಿರುವ ಭಾಗ ಕಿತ್ತುಬರುವುದೂ ಉಂಟು.

ಐದನೆಯದು ತಂತ್ರಾಂಶ. ವಿಂಡೋಸ್‌ನ ಹಳೆಯ ಪ್ರೋಗ್ರಾಮುಗಳ ಸಣ್ಣ ಗುಂಡಿಗಳು ಮೌಸಿಗೆಂದು ರೂಪುಗೊಂಡವು. ಬೆರಳಿಗೆ ಅವು ಸುಲಭವಾಗಿ ಸಿಗುವುದಿಲ್ಲ. ವಿಂಡೋಸ್ 10ರಲ್ಲಿದ್ದ ಪ್ರತ್ಯೇಕ ಟ್ಯಾಬ್ಲೆಟ್ ಮೋಡನ್ನು 2021ರ ವಿಂಡೋಸ್ 11ರಲ್ಲಿ ತೆಗೆದು, ಮಡಚಿದಾಗ ತಾನಾಗಿಯೇ ಹೊಂದಿಕೊಳ್ಳುವ ಏರ್ಪಾಡು ಮಾಡಲಾಯಿತು.

ಆಯ್ಕೆ

ಅಂಗಡಿಯಲ್ಲಿ ಕೆಲವು ಪರೀಕ್ಷೆಗಳನ್ನು ಮಾಡಿಯೇ ಕೊಳ್ಳಬೇಕು. ಲ್ಯಾಪ್‌ಟಾಪ್ ಭಂಗಿಯಲ್ಲಿಟ್ಟು ಪರದೆಯ ಮೇಲಿನ ಮೂಲೆಯನ್ನು ಬೆರಳಿನಿಂದ ತಟ್ಟಿದರೆ, ಅಲುಗಾಟ ಎಷ್ಟು ಬೇಗ ನಿಲ್ಲುತ್ತದೆ ಎಂಬುದರಿಂದ ಕೀಲಿನ ಗಟ್ಟಿತನ ತಿಳಿಯುತ್ತದೆ. ಪೆನ್ನಿನಿಂದ ಓರೆಗೆರೆಯೊಂದನ್ನು ಅಡಿಕೋಲು ಹಿಡಿದು ನಿಧಾನವಾಗಿ ಎಳೆದು ನೋಡಬೇಕು; ಗೆರೆ ಅಲೆಅಲೆಯಾಗಿ ಬಂದರೆ ಆ ಪರದೆ ಚಿತ್ರಕಾರರಿಗೆ ಒಗ್ಗದು. ಪೆನ್ನು ಪೆಟ್ಟಿಗೆಯಲ್ಲೇ ಬರುತ್ತದೆಯೆ, ಬೇರೆ ಹಣ ಕೊಡಬೇಕೆ, ಯಾವ ಪದ್ಧತಿಯದು ಎಂದು ವಿಚಾರಿಸಬೇಕು. ಪರದೆಯ ಒಡೆತಕ್ಕೆ ವಾರಂಟಿಯಲ್ಲಿ ರಕ್ಷಣೆ ಇದೆಯೆ ಎಂಬುದನ್ನು ಬರಹದಲ್ಲೇ ನೋಡಿಕೊಳ್ಳಬೇಕು.

ಕೈಬರಹ, ಚಿತ್ರ, ಸೂತ್ರ, ಕರಡು ತಿದ್ದುಪಡಿ ದಿನನಿತ್ಯದ ಕೆಲಸವಾಗಿರುವವರಿಗೆ ಕನ್ವರ್ಟಿಬಲ್ ಕೊಟ್ಟ ಹಣಕ್ಕೆ ತಕ್ಕ ಯಂತ್ರ. ಓದುವುದು, ವಿಡಿಯೊ ನೋಡುವುದೇ ಮುಖ್ಯವಾದರೆ ಹಗುರವಾದ ಟ್ಯಾಬ್ಲೆಟ್ ಸಾಕು. ಟೈಪಿಂಗ್ ಮತ್ತು ಲೆಕ್ಕಪತ್ರವಷ್ಟೇ ಕೆಲಸವಾಗಿದ್ದರೆ ಸಾಮಾನ್ಯ ಲ್ಯಾಪ್‌ಟಾಪ್ ಕೊಂಡು, ಉಳಿದ ಹಣವನ್ನು ಹೆಚ್ಚಿನ ರ್‍ಯಾಮ್ ಮತ್ತು ಎಸ್‌ಎಸ್‌ಡಿಗೆ ಹಾಕುವುದು ಜಾಣತನ.