ಮಲೆಪರೂ ಮಂಗೋಲರೂ

ನಮ್ಮ ಹಾಸನದ ಕಡೆ ಮದುವೆಯ ಮಾತು ಎದ್ದಿತೆಂದರೆ, ಹಿರಿಯರು ಮೊದಲು ಕೇಳುವ ಪ್ರಶ್ನೆಯೊಂದುಂಟು: “ನಿಮ್ಮದು ಯಾವ ಬೆಡಗು?” ಕೆಲವರು ಬಳಿ ಎನ್ನುತ್ತಾರೆ, ಕೆಲವರು ಗೋತ್ರ ಎನ್ನುತ್ತಾರೆ. ಹೆಸರು ಯಾವುದಾದರೇನು? ಎರಡು ಮನೆಯದೂ ಒಂದೇ ಆದರೆ ಗಂಡುಹೆಣ್ಣುಗಳು ಅಣ್ಣತಂಗಿಯರ ವರಸೆ. ಮಾತು ಅಲ್ಲಿಗೇ ಮುಗಿಯಿತು. ಎಂಟುನೂರು ವರ್ಷಗಳ ಹಿಂದೆ, ಇಲ್ಲಿಂದ ಸಾವಿರಾರು ಮೈಲಿ ದೂರದ ಹುಲ್ಲುಗಾವಲಿನಲ್ಲಿ ಉಣ್ಣೆಯ ಗುಡಾರಗಳಲ್ಲಿ ಬಾಳುತ್ತಿದ್ದ ಮಂಗೋಲರೂ ಇದೇ ಪ್ರಶ್ನೆಯನ್ನು ಕೇಳುತ್ತಿದ್ದರೆಂದರೆ ನಿಮಗೆ ಆಶ್ಚರ್ಯವಾದೀತು. ಕುಲಕ್ಕೆ ಅವರು ಇಟ್ಟ ಹೆಸರು ‘ಎಲುಬು’. ಒಂದೇ ಎಲುಬಿನವರು ಮದುವೆಯಾಗುವಂತಿರಲಿಲ್ಲ.

12ನೆಯ ಶತಮಾನದಲ್ಲಿ ಆ ಹುಲ್ಲುಗಾವಲಿಗೆ ಒಬ್ಬ ದೊರೆಯಿರಲಿಲ್ಲ. ಮಂಗೋಲರು, ತಾತಾರರು, ಕೆರಾಯಿತರು, ಮೆರ್ಕಿತರು, ನೈಮಾನರು ಎಂದು ಹಲವು ಬುಡಕಟ್ಟುಗಳು. ಒಂದೊಂದರಲ್ಲೂ ಹಲವು ಕುಲಗಳು. ಕುದುರೆಗಾಗಿ, ಹೆಣ್ಣಿಗಾಗಿ, ಮೇವಿಗಾಗಿ ತೀರದ ಹಗೆ. ಬೋರ್ಜಿಗಿನ್ ಕುಲದ ತೆಮೂಜಿನನು ಇನ್ನೂ ಹುಡುಗನಾಗಿದ್ದಾಗ ಅವನ ತಂದೆಗೆ ತಾತಾರರು ವಿಷವಿಕ್ಕಿದರು. ಆಗ ಆಸರೆಯಾಗಬೇಕಾಗಿದ್ದ ದಾಯಾದಿಗಳಾದ ತಾಯಿಚೂದರು ವಿಧವೆಯನ್ನೂ ಮಕ್ಕಳನ್ನೂ ಕೈಬಿಟ್ಟು ಹೊರಟುಹೋದರು. ರಕ್ತಸಂಬಂಧವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪಾಠವನ್ನು ಆ ಹುಡುಗ ಅಂದೇ ಕಲಿತ. ಮುಂದೆ ಚೆಂಗಿಸ್ ಖಾನನಾದವನು ಇವನೇ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಮಲೆನಾಡಿನ ಅಂಚಿನಲ್ಲಿಯೂ ಸಣ್ಣ ಸಣ್ಣ ಒಡೆತನಗಳಿದ್ದುವು. ಮಲೆಯ ಈ ನಾಯಕರಿಗೆ ‘ಮಲೆಪ’ರೆಂದು ಹೆಸರು. ಅರಕಲಗೂಡಿನ ಸೀಮೆಯಲ್ಲಿಯೂ ಕೊಡಗಿನ ಉತ್ತರಭಾಗದಲ್ಲಿಯೂ ಕೊಂಗಾಳ್ವರು, ಅವರ ತೆಂಕಣಕ್ಕೆ ಚಂಗಾಳ್ವರು, ಹೊಂಬುಜದಲ್ಲಿ ಸಾಂತರರು. ಸೊಸೆವೂರಿನಿಂದ, ಎಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ, ಹೊರಟ ಹೊಯ್ಸಳರೂ ಇಂಥ ಮಲೆನಾಯಕರೇ. 1116ರಲ್ಲಿ ವಿಷ್ಣುವರ್ಧನನು ತಲಕಾಡನ್ನು ಚೋಳರಿಂದ ಗೆದ್ದ. ಮರುವರ್ಷ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಇಷ್ಟು ಬೆಳೆದ ಮೇಲೂ ಹೊಯ್ಸಳರು ಶಾಸನಗಳಿಗೆ ಹಾಕಿದ ಅಂಕಿತ ‘ಮಲೆಪರೊಳ್ ಗಂಡ’ ಎಂಬುದೇ. ಮಲೆನಾಯಕರಲ್ಲಿ ಶೂರನೆಂಬ ಹಳೆಯ ಹೆಮ್ಮೆಯನ್ನು ಅವರು ಬಿಡಲಿಲ್ಲ.

ಹಲವು ಕುಲಗಳನ್ನು ಒಂದು ರಾಜ್ಯವಾಗಿ ಕಟ್ಟುವ ಕೆಲಸ ಎರಡು ಕಡೆಯೂ ನಡೆಯಿತು; ಕಟ್ಟಿದ ಬಗೆ ಮಾತ್ರ ಬೇರೆ. ಹೊಯ್ಸಳರು ಸೋತ ನಾಯಕನನ್ನು ಸಾಮಂತನನ್ನಾಗಿ ಮಾಡಿಕೊಂಡು ಅವನ ನಾಡಿನಲ್ಲಿಯೇ ಉಳಿಸುತ್ತಿದ್ದುದುಂಟು. ತೆಮೂಜಿನನಾದರೋ 1206ರಲ್ಲಿ ಓನಾನ್ ನದಿಯ ದಡದಲ್ಲಿ ಖಾನನಾದಾಗ, ಜನರನ್ನು ಹತ್ತು, ನೂರು, ಸಾವಿರಗಳ ಲೆಕ್ಕದಲ್ಲಿ ವಿಂಗಡಿಸಿ 95 ಸಾವಿರ-ಪಡೆಗಳನ್ನಾಗಿ ಮಾಡಿದ. ಸೋತ ಬುಡಕಟ್ಟುಗಳನ್ನು ಒಡೆದು ಬೇರೆ ಬೇರೆ ಪಡೆಗಳಿಗೆ ಹಂಚಿದ. ಹಿಂದೆ ಶತ್ರುಪಕ್ಷದಲ್ಲಿ ನಿಂತು ಖಾನನ ಕುದುರೆಗೆ ಬಾಣ ಹೊಡೆದಿದ್ದ ಜೆಬೆಯೂ ಒಂದು ಸಾವಿರದ ನಾಯಕನಾದ. ಅಂದು ಸೆರೆಸಿಕ್ಕಾಗ ಆತ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡಿದ್ದ. ಅದೇ ಅವನ ಯೋಗ್ಯತೆ.

ಒಡೆಯನಿಗೆ ಕೊಟ್ಟ ಮಾತಿಗೆ ಖಾನನಲ್ಲಿ ಎಷ್ಟು ಬೆಲೆಯಿತ್ತೆಂಬುದಕ್ಕೆ ಮಂಗೋಲರ ಗುಪ್ತ ಇತಿಹಾಸದಲ್ಲಿ ಒಂದು ಕಥೆಯುಂಟು. ಅವನ ವೈರಿ ಜಮುಖನನ್ನು ಜಮುಖನ ಆಳುಗಳೇ ಹಿಡಿದು ತಂದೊಪ್ಪಿಸಿದರು. ಖಾನನು ಅವರಿಗೆ ಬಹುಮಾನ ಕೊಡಲಿಲ್ಲ. ಒಡೆಯನಿಗೆ ಎರಡು ಬಗೆದವರೆಂದು ಕೊಲ್ಲಿಸಿದ.

ಹೊಯ್ಸಳರಲ್ಲಿ ಇಂಥ ನಿಷ್ಠೆಯ ವ್ರತ ಹಿಡಿದವರಿಗೆ ಗರುಡರೆಂದು ಹೆಸರು. ಒಡೆಯ ತೀರಿಕೊಂಡರೆ ತಾವು ಬದುಕಿರುವುದಿಲ್ಲವೆಂಬುದು ಅವರ ಪ್ರತಿಜ್ಞೆ. ಮಂಗೋಲರು ಬುಖಾರ, ಸಮರ್ಖಂಡಗಳನ್ನು ಹಿಡಿದ 1220ರಲ್ಲಿಯೇ ಇಲ್ಲಿ ಇಮ್ಮಡಿ ಬಲ್ಲಾಳನು ತೀರಿಕೊಂಡ. ದಂಡನಾಯಕ ಕುವರ ಲಕ್ಷ್ಮನೂ ಅವನ ಮಡದಿ ಸುಗ್ಗಲದೇವಿಯೂ ಸಾವಿರ ಮಂದಿ ವೀರರೊಡನೆ ಪ್ರಾಣ ಬಿಟ್ಟರೆಂದು ಹಳೇಬೀಡಿನ ಶಾಸನ ಹೇಳುತ್ತದೆ.

ಕುಲಕ್ಕಿಂತ ಮಾತು ದೊಡ್ಡದೆಂಬುದನ್ನು ಎರಡು ನಾಡಿನ ವೀರರೂ ಹೀಗೆ ತೋರಿಸಿದರು. ಆದರೆ ಯಾರಿಗಾಗಿ ಆ ಮಾತನ್ನು ನಡೆಸಿದರೋ ಆ ಮನೆತನಗಳು ಏನು ಮಾಡಿದುವು? ಸುಮಾರು 1254ರಲ್ಲಿ ಬಲ್ಲಾಳನ ಮೊಮ್ಮಗ ಸೋಮೇಶ್ವರನ ರಾಜ್ಯ ಅವನ ಮಕ್ಕಳಾದ ಮುಮ್ಮಡಿ ನರಸಿಂಹ, ರಾಮನಾಥರಿಗೆ ಹಂಚಿಹೋಯಿತು; ಅಣ್ಣತಮ್ಮಂದಿರು ಕಾದಾಡಿದರು. 1260ರಲ್ಲಿ ಚೆಂಗಿಸ್ ಖಾನನ ಮೊಮ್ಮಕ್ಕಳಾದ ಕುಬ್ಲಾಯಿಯೂ ಅರಿಕ್ ಬೋಕೆಯೂ ಸಿಂಹಾಸನಕ್ಕಾಗಿ ಯುದ್ಧಕ್ಕೆ ನಿಂತರು. ಹೊರಗಟ್ಟಿದ ದಾಯಾದಿ ಮತ್ಸರ ಅರಮನೆಯೊಳಗಿನಿಂದಲೇ ಎದ್ದುಬಂದಿತು.

ಮುಂದೆ ನೀವು ಹಳೇಬೀಡಿಗೆ ಹೋದಾಗ, ಹೊಯ್ಸಳೇಶ್ವರನ ಗುಡಿಯ ಗೋಡೆಗಳನ್ನು ನೋಡಿದ ಮೇಲೆ ತೆಂಕಣದ ಕಡೆಗೂ ನಾಲ್ಕು ಹೆಜ್ಜೆ ನಡೆಯಿರಿ. ಅಲ್ಲಿ ಗರುಡಗಂಬವಿದೆ. ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರ ಸಣ್ಣ ಶಿಲ್ಪಗಳು ಅದರ ಮೇಲಿವೆ. ಅವರ ಬೆಡಗು ಯಾವುದೆಂದು ಕಂಬವನ್ನು ನೋಡಿದರೆ ತಿಳಿಯುವುದಿಲ್ಲ. ಅವರು ಕೊಟ್ಟ ಮಾತು ಮಾತ್ರ ತಿಳಿಯುತ್ತದೆ.